ಕೆರೆಗೆ ನೀರೇಕೆ ಬರಲಿಲ್ಲ?

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಗೋಷ್ಠಿಯೊಂದರಲ್ಲಿ ಸದಸ್ಯೆಯೊಬ್ಬರು 'ಕೆರೆಗೆ ಹಾರ' ಎಂಬ ಜನಪದ ಕಥನಗೀತವನ್ನು ಹಾಡಿದರು. ಹೈದರಾಬಾದಿನಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ಕನ್ನಡದ ಅಕ್ಷರ ಬಾರದಿದ್ದರೂ ಭಾಗೀರಥಿಯ ಕಥೆ ಬಂದಿರುತ್ತದೆ. ಹಾಡು ಮುಗಿದ ಮೇಲೆ ಎಂದಿನಂತೆ ಚರ್ಚೆ ನಡೆಯಿತು. ಕರುಣರಸದ ಪರಿಪಾಕವನ್ನು ಒಬ್ಬರು ಹೊಗಳಿದರು. ತ್ಯಾಗವೆಂಬ ಹೆಸರಿನಲ್ಲಿ ನಡೆದುದು ಕೊಲೆಯೇ ಸರಿ ಎಂದು ಮತ್ತೊಬ್ಬರು ವಾದಿಸಿದರು. ಕಡೆಗೆ, ನೀರಾವರಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಎದ್ದು ನಿಂತು, "ಅದೆಲ್ಲ ಸರಿಯೇ. ಆದರೆ ಆ ಕೆರೆಗೆ ನೀರೇಕೆ ಬರಲಿಲ್ಲ ಎಂದು ನೀವು ಯಾರೂ ಕೇಳಲೇ ಇಲ್ಲವಲ್ಲ!" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಕಾವ್ಯವನ್ನು ಓದುವಾಗ ಇಂಥ ಪ್ರಶ್ನೆಯನ್ನು ಕೇಳುವುದು ಅರಸಿಕತನವೆಂದು ಸಹೃದಯರು ಹೇಳಬಹುದು. ನಾನು ಬ್ಯಾಂಕಿನ ನೌಕರ. ಯಾವ ಕಾಗದ ಕೈಗೆ ಬಂದರೂ, ಇದರ ವೆಚ್ಚವನ್ನು ಕೊಡುವವರು ಯಾರು, ಕೊಡದೆ ಹೋದರೆ ನಷ್ಟ ಯಾರ ತಲೆಯ ಮೇಲೆ ಬರುತ್ತದೆ ಎಂದು ನೋಡುವುದು ಇಪ್ಪತ್ತು ವರ್ಷಗಳಿಂದ ರೂಢಿಯಾಗಿಬಿಟ್ಟಿದೆ. ಆ ರೂಢಿಯನ್ನು ಅಂಗಡಿಯ ಬಾಗಿಲಲ್ಲಿ ಬಿಟ್ಟು ಸಾಹಿತ್ಯದ ಗುಡಿಯನ್ನು ಹೊಗಬೇಕೆಂಬ ಕಟ್ಟಳೆಯನ್ನು ಈ ಲೇಖನದ ಮಟ್ಟಿಗೆ ನಾನು ಮೀರುತ್ತೇನೆ. ಕೆರೆಯನ್ನು ಕುರಿತ ಬರೆಹಗಳು, ಅವು ಶಾಸನಗಳಾಗಲಿ, ಹಾಡುಗಳಾಗಲಿ, ಕಾಯಿದೆಗಳಾಗಲಿ, ಈಚಿನ ವಿದ್ವಾಂಸರ ಗ್ರಂಥಗಳಾಗಲಿ, ಆ ಒಂದು ಲೆಕ್ಕಕ್ಕೆ ಏನು ಉತ್ತರ ಹೇಳುತ್ತವೆ ಎಂಬುದನ್ನು ವಿಚಾರಿಸುವುದು ನನ್ನ ಉದ್ದೇಶ.

ಹಾಡಿನ ಕಥೆ ವಾಚಕರೆಲ್ಲರಿಗೂ ವಿದಿತವಾದುದೇ. ಕಲ್ಲನಕೇರಿಯ ಮಲ್ಲನಗೌಡ ಕೆರೆಯೊಂದನ್ನು ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಜೋಯಿಸರ ಹೊತ್ತಗೆಯಲ್ಲಿ ಸೊಸೆಯೊಬ್ಬಳ ಬಲಿ ಬೇಕೆಂದು ಕಾಣುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಸಂಸಾರದ ಭಾರ ಹೊರುವವರು ಯಾರು ಎಂಬ ಲೆಕ್ಕಾಚಾರ ನಡೆದು, ಕಿರಿಯ ಸೊಸೆ ಭಾಗೀರಥಿಯ ಹೆಸರು ನಿಲ್ಲುತ್ತದೆ. ಆಕೆ ತವರಿಗೆ ಹೋಗುತ್ತಾಳೆ, ಗೆಳತಿಯ ಬಳಿಗೆ ಹೋಗುತ್ತಾಳೆ, ಮರಳಿ ಬರುತ್ತಾಳೆ. ಪೂಜೆ ಮುಗಿಸಿ ಎಲ್ಲರೂ ಹಿಂದಿರುಗಿದ ಮೇಲೆ ಮರೆತುಬಂದ ಬಂಗಾರದ ಬಟ್ಟಲ ನೆವದಿಂದ ಆಕೆ ಒಬ್ಬಳೇ ಕೆರೆಗೆ ಹೋಗಬೇಕಾಗುತ್ತದೆ; ನೀರು ಏರುತ್ತದೆ. ದಂಡಿನಿಂದ ಕುದುರೆಯೇರಿ ಬಂದ ಗಂಡ ಸಂಗತಿಯನ್ನು ತಿಳಿದು ತಾನೂ ಕೆರೆಗೆ ಹಾರುತ್ತಾನೆ. ಕಥೆಯ ನಡುವೆ ಬರುವ ಆ ಮನೆವಾರ್ತೆಯ ಲೆಕ್ಕಾಚಾರವಿದೆಯಲ್ಲ, ಹಿರಿಯಳು ಬೇಡ, ಕಿರಿಯಳಾಗಬಹುದು ಎಂಬುದು, ಅದು ನನಗೆ ಇಡೀ ಹಾಡಿನ ಅತ್ಯಂತ ಕ್ರೂರವಾದ ಭಾಗವಾಗಿ ತೋರುತ್ತದೆ. ನೀರು ಬಾರದುದಕ್ಕೆ ಕಾರಣ ಭಾಗೀರಥಿಯಲ್ಲ. ಕೆರೆಯ ಎಡೆಯನ್ನು ಆರಿಸಿದವನು ಗೌಡ. ಏರಿ ಹಾಕಿಸಿದವನು ಗೌಡ. ಲೆಕ್ಕ ತಪ್ಪಿದುದು ಅವನದು. ತಪ್ಪಿದ ಲೆಕ್ಕವನ್ನು ತೀರಿಸಬೇಕಾದವಳು ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿದ್ದವಳು.

ಕೆರೆಗೆ ನೀರು ಏಕೆ ಬರುತ್ತದೆ, ಏಕೆ ಬರುವುದಿಲ್ಲ ಎಂಬುದು ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವಾಗಿರಲಿಲ್ಲ. ಕಡಪೆ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಶಕವರ್ಷ 1291ರ, ಎಂದರೆ ಕ್ರಿ. ಶ. 1369ರ, ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಅಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದಾಗ ಹಾಕಿಸಿದ್ದು. ಕೆರೆ ಈಗಲೂ ಇದೆ. ದಾನಶಾಸನಗಳ ಸ್ತುತಿಪಾಠವನ್ನು ನಿರೀಕ್ಷಿಸಿ ಅದನ್ನು ಓದಹೊರಟವನಿಗೆ ಅಲ್ಲೊಂದು ಆಶ್ಚರ್ಯ ಕಾದಿರುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಧರ್ಮಿಷ್ಠನೂ ಧನಿಕನೂ ಕೀರ್ತಿಕಾಮಿಯೂ ಆದ ಅರಸನಿರಬೇಕು. ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣನಿರಬೇಕು. ನೆಲ ಗಟ್ಟಿಯಾದ ಜೇಡಿಯಿಂದ ಕೂಡಿರಬೇಕು. ಸಿಹಿನೀರಿನ ಹೊಳೆ ಸಾಕಷ್ಟು ದೂರದಿಂದ ಹರಿದುಬರಬೇಕು. ಎರಡು ಕಡೆಯ ಗುಡ್ಡಗಳ ನಡುವೆ ಅತಿ ಉದ್ದವಲ್ಲದ, ಆದರೆ ದೃಢವಾದ ಕಲ್ಲಿನ ಕಟ್ಟೆ ನಿಲ್ಲಬೇಕು. ಅಂಗಳ ವಿಸ್ತಾರವೂ ಆಳವೂ ಆಗಿರಬೇಕು. ಉದ್ದವಾದ ನೇರ ಕಲ್ಲು ಸಿಗುವ ಗಣಿ ಹತ್ತಿರವಿರಬೇಕು. ಕೆಳಗಣ ಭೂಮಿ ಸಮತಟ್ಟಾಗಿ ಫಲವತ್ತಾಗಿರಬೇಕು. ಕಟ್ಟುವ ಕಲೆಯಲ್ಲಿ ನುರಿತ ಆಳುಗಳ ತಂಡವಿರಬೇಕು. ಹೀಗೆ ಸಾಗುತ್ತದೆ ಪಟ್ಟಿ. ಅರಸನಿಂದ ಮೊದಲಾಗಿ ಆಳಿನಲ್ಲಿ ಮುಗಿಯುವ ಈ ಕ್ರಮವೇ ಆ ಕಾಲದ ಸಮಾಜದ ಚಿತ್ರ. ಎರಡು ವರ್ಷಗಳ ಕಾಲ ದಿನವೂ ಸಾವಿರ ಆಳು ಏರಿಯ ಮೇಲೆಯೂ ನೂರು ಬಂಡಿ ಕಲ್ಲುಕಟ್ಟಡಕ್ಕಾಗಿಯೂ ದುಡಿದವೆಂದು ಶಾಸನ ಹೇಳುತ್ತದೆ. ಖರ್ಚಾದ ಹಣಕ್ಕೆ ಲೆಕ್ಕವಿಲ್ಲವೆನ್ನುತ್ತದೆ. ನಮ್ಮ ಕಸುಬಿನವರಿಗೆ ಆ ಮಾತು ಹಿಡಿಸದು, ಇರಲಿ.

ದೋಷಗಳ ಪಟ್ಟಿ ಇದಕ್ಕಿಂತ ಸ್ವಾರಸ್ಯಕರವಾದುದು. ಏರಿಯಿಂದ ನೀರು ಜಿನುಗುವುದು, ಚೌಳುಭೂಮಿ, ಕೆರೆಯ ನಡುವೆ ದಿಬ್ಬ, ಇವು ಮೂರು ಯಾವ ಮೇಸ್ತ್ರಿಯೂ ಹೇಳಬಲ್ಲ ಮಾತು. ನೀರು ಅಲ್ಪ, ಸಾಗುವಳಿಯ ನೆಲ ಬಹಳ. ನೆಲ ಅಲ್ಪ, ನೀರು ಬಹಳ: ಈ ಎರಡು ದೋಷಗಳಲ್ಲಿ ನೀರಾವರಿಯ ಲೆಕ್ಕಶಾಸ್ತ್ರವೆಲ್ಲ ಅಡಗಿದೆ. ಜಲಾನಯನದ ವಿಸ್ತಾರಕ್ಕೂ ಕೆರೆಯ ಗಾತ್ರಕ್ಕೂ ಅಚ್ಚುಕಟ್ಟಿಗೂ ಹೊಂದಿಕೆಯಿರಬೇಕು ಎಂಬುದೇ ಅದು. ಮಲ್ಲನಗೌಡನ ಕೆರೆಗೆ ನೀರೇಕೆ ಬರಲಿಲ್ಲವೆಂಬ ನಮ್ಮ ಎಂಜಿನಿಯರರ ಪ್ರಶ್ನೆಗೆ ಇಲ್ಲಿ ಉತ್ತರವಿದ್ದೀತು. ಮೇಲಿನ ಊರಿನ ಕೆರೆಯೇ ನೀರನ್ನೆಲ್ಲ ಹಿಡಿದುಕೊಂಡಿದ್ದಿರಬಹುದು, ಪೋಷಕ ಕಾಲುವೆ ಮುಚ್ಚಿಹೋಗಿದ್ದಿರಬಹುದು. ಜೋಯಿಸರ ಹೊತ್ತಗೆಯ ಬದಲು ಪೋರುಮಾಮಿಳ್ಳದ ಕಲ್ಲನ್ನು ಓದಿಸಿದ್ದರೆ ಭಾಗೀರಥಿ ಬದುಕುತ್ತಿದ್ದಳೋ ಏನೋ. ಉಳಿದ ಒಂದು ದೋಷವನ್ನು ಬೇಕೆಂದೇ ಕಡೆಗೆ ಇಟ್ಟುಕೊಂಡಿದ್ದೇನೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಇದು ಮಣ್ಣಿನ ದೋಷವಲ್ಲ, ಕಲ್ಲಿನದಲ್ಲ, ಆಡಳಿತದ್ದು. ಆರುನೂರೈವತ್ತು ವರ್ಷಗಳ ಹಿಂದೆ ಇದನ್ನು ಜಿನುಗುವ ಏರಿಯ ಸಾಲಿನಲ್ಲಿ ಕೂಡಿಸಿ ಹೇಳಿದ ಪಂಡಿತನ ಬುದ್ಧಿ ದೊಡ್ಡದು.

ಶಾಸನ ಬಲ್ಲವರೆಲ್ಲ ಬಲಿಯಿಂದ ದೂರವಿದ್ದರೆಂದು ಹೇಳಲಾಗದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಂದಿನ ಹೊಸಪೇಟೆಯ ಬಳಿ ಅರಸನು ಕಟ್ಟಿಸುತ್ತಿದ್ದ ಕೆರೆಯನ್ನು ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಅಲ್ಲಿ ದುಡಿಯುತ್ತಿದ್ದರಂತೆ. ಕಟ್ಟೆ ಎರಡು ಮೂರು ಸಲ ಒಡೆದಾಗ, ಅರಸನು ಅರುವತ್ತು ಮಂದಿಯ ತಲೆಗಳನ್ನೂ ಕೆಲವು ಕುದುರೆ ಎಮ್ಮೆಗಳನ್ನೂ ಬಲಿಕೊಡಿಸಿದನೆಂದು ಅವನ ಹೇಳಿಕೆ. ಪರದೇಶದವನ ಮಾತಿನಲ್ಲಿ ಉತ್ಪ್ರೇಕ್ಷೆ ಎಷ್ಟಿದೆಯೋ ಹೇಳುವುದು ಕಷ್ಟ. ಆದರೆ ಹಾಡಿಗೂ ಈ ವರದಿಗೂ ಇರುವ ಹೋಲಿಕೆಯನ್ನು ಅಲ್ಲಗಳೆಯುವಂತಿಲ್ಲ. ಕಟ್ಟಿದವನ ತಪ್ಪಿಗೆ ಕಟ್ಟಿಸಿಕೊಂಡವರಲ್ಲಿ ಯಾರೋ ಬಲಿಯಾಗುತ್ತಾರೆ. ಯಾರು ಎಂಬುದು ಮೊದಲೇ ಗೊತ್ತಿರುತ್ತದೆ.

ಇನ್ನು ಕೆರೆಯನ್ನು ಕಟ್ಟಿದ ಮೇಲಿನ ಮಾತು. ಏರಿಯನ್ನು ಹಾಕುವುದು ಒಂದು ಸಲದ ಸಾಹಸ; ಉಳಿಸುವುದು ವರ್ಷವರ್ಷದ ಬೇಸರದ ಕೆಲಸ. ಹೂಳು ತೆಗೆಯಬೇಕು, ಏರಿಯ ಮೇಲೆ ಬೆಳೆದ ಗಿಡವನ್ನು ಕೀಳಬೇಕು, ತೂಬಿನ ಕಲ್ಲನ್ನು ಸರಿಪಡಿಸಬೇಕು, ಕೋಡಿಯ ಬಾಯನ್ನು ಬಿಡಿಸಬೇಕು. ಕಟ್ಟಿದವನಿಗೆ ಕೀರ್ತಿ ಬರುತ್ತದೆ; ಹೂಳು ತೆಗೆದವನಿಗೆ ಮೈಕೈಯೆಲ್ಲ ಕೆಸರು. ಕನ್ನಡ ನಾಡಿನ ಶಾಸನಗಳ ಹಿರಿಮೆಯೆಂದರೆ, ಈ ಬೇಸರದ ಕೆಲಸಕ್ಕೆ ಅವು ಆದಾಯವನ್ನು ಗೊತ್ತುಮಾಡಿಟ್ಟಿರುವುದು. ಬಿಟ್ಟುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಶಾಸನಾಭ್ಯಾಸಿಗಳಿಗೆ ಚಿರಪರಿಚಿತ. ಕೆರೆಯನ್ನು ಕಟ್ಟಿದವನಿಗೆ, ಒಡೆದುದನ್ನು ಜೀರ್ಣೋದ್ಧಾರ ಮಾಡಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಆ ಕೆರೆಯ ಕೆಳಗಿನ ಗದ್ದೆಯನ್ನೋ ಬೆಳೆಯ ಪಾಲನ್ನೋ ಬಿಡುವುದು ಇವುಗಳ ಸಾರ. ಮಣ್ಣು ಹೊರುವ ಕೆರೆಯ ಬಂಡಿಗೂ ಅದನ್ನು ಹೊಡೆಯುವವನಿಗೂ ಭೂಮಿ ಬಿಟ್ಟ ಶಾಸನಗಳುಂಟು. ಇದನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಆಸ್ತಿಯ ನಿರ್ವಹಣೆಗೆ ಆ ಆಸ್ತಿಯ ಉತ್ಪನ್ನದ ಮೇಲೆಯೇ ಹೊಣೆ ಕಟ್ಟಿದ್ದಾರೆ. ಕೆರೆ ತುಂಬಿದರೆ ಕೊಡಗೆಯ ಗದ್ದೆ ಬೆಳೆಯುತ್ತದೆ. ಬೆಳೆದರೆ ನೋಡಿಕೊಳ್ಳುವವನಿಗೆ ಅನ್ನ. ನೋಡಿಕೊಳ್ಳದಿದ್ದರೆ ಮೊದಲು ಒಣಗುವುದು ಅವನದೇ ಗದ್ದೆ. ಇಂದಿನ ಯೋಜನಾ ವರದಿಗಳಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನು ಕಂಡಿಲ್ಲ.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿ, ಹಳೆಯ ಕಾಲವೇ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿರುವೆನೆಂದು ಯಾರಾದರೂ ಭಾವಿಸಿದರೆ ಅದು ನನ್ನ ಬರೆವಣಿಗೆಯ ದೋಷ. ಹಾಗೆ ಹೇಳುವ ಗ್ರಂಥಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಅತ್ಯುತ್ತಮವಾದುದು ಅನುಪಮ ಮಿಶ್ರರು 1993ರಲ್ಲಿ ಹಿಂದಿಯಲ್ಲಿ ಬರೆದ 'ಆಜ್ ಭೀ ಖರೇ ಹೈಂ ತಾಲಾಬ್'. ಹಕ್ಕುಸ್ವಾಮ್ಯವನ್ನೇ ಇಟ್ಟುಕೊಳ್ಳದೆ ಜನರ ಕೈಗೆ ಬಿಟ್ಟ ಪುಸ್ತಕ. ಅನೇಕ ಭಾಷೆಗಳಿಗೆ ಹೋಗಿದೆ. ಅದರ ಗದ್ಯದ ಸರಳತೆಯನ್ನು ಕಂಡು ನಾನು ಅಸೂಯೆಪಟ್ಟಿದ್ದೇನೆ. ಆದರೆ ಆ ಪುಸ್ತಕದಲ್ಲಿ 'ಸಮಾಜ'ವೆಂಬುದು ಒಂದೇ ದೇಹ, ಒಂದೇ ಮನಸ್ಸು. ಆ ದೇಹದ ಯಾವ ಅಂಗ ಕೆಸರಿನಲ್ಲಿ ನಿಂತಿತ್ತು, ಯಾವುದು ಏರಿಯ ಮೇಲೆ ನೆರಳಲ್ಲಿ ಕುಳಿತಿತ್ತು ಎಂಬ ಭೇದ ಅಲ್ಲಿ ಮಸುಕಾಗುತ್ತದೆ. ತಮಿಳುನಾಡಿನ ರಾಮನಾಡು ಶಿವಗಂಗೆಗಳ ಕೆರೆಗಳನ್ನು ಅಭ್ಯಾಸ ಮಾಡಿದ ಡೇವಿಡ್ ಮಾಸ್ 2003ರ ತಮ್ಮ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಡುತ್ತಾರೆ: ಕೆರೆಗಳು ಸ್ವತಂತ್ರ ಗ್ರಾಮಸಮುದಾಯಗಳ ಕೃತಿಗಳಲ್ಲ, ಅರಸರ ಪಾಳೆಯಗಾರರ ದಾನ, ಮಾನ, ಅಧಿಕಾರಗಳ ಜಾಲದಲ್ಲಿ ನಿಂತವು ಎಂಬುದು ಅವರ ವಾದ. ಕರ್ನಾಟಕದ ಕೆರೆಗಳನ್ನು ಕುರಿತು ಬರೆದ ಈಶಾ ಷಾ ಜನಪದ ಕಥನಗಳನ್ನೂ ಸಾಕ್ಷ್ಯಕ್ಕೆ ಕರೆದು, ಏರಿಯ ಮಣ್ಣಿನಲ್ಲಿ ಹುದುಗಿರುವ ಹಿಂಸೆಯನ್ನು ಎತ್ತಿ ತೋರಿಸಿದ್ದಾರೆ. ಇವರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಸೂಚಿಸಬೇಕಾಗಿದೆ. ಅಧಿಕಾರವನ್ನು ಬಯಲು ಮಾಡುವ ಉತ್ಸಾಹದಲ್ಲಿ ವಿದ್ವಾಂಸರು ಕೆಲವೊಮ್ಮೆ ತೂಬನ್ನು ಮರೆಯುತ್ತಾರೆ. ಅನ್ಯಾಯದ ಏರ್ಪಾಡಾದರೂ ರಾತ್ರಿ ಮಳೆ ಹೊಯ್ದಾಗ ಒಬ್ಬನು ಎದ್ದು ಕೋಡಿಯ ಬಳಿಗೆ ಹೋಗುತ್ತಿದ್ದನಲ್ಲ, ಆ ಅನ್ಯಾಯವನ್ನು ತೆಗೆದ ಮೇಲೆ ಯಾರು ಹೋಗಬೇಕು?

ಹಾಗೆ ಹೋಗುತ್ತಿದ್ದವನ ಹೆಸರು ನೀರಗಂಟಿ. ಊರ ಆಯಗಾರರಲ್ಲಿ ಒಬ್ಬ. ತೂಬನ್ನು ಎತ್ತುವುದು, ಇಳಿಸುವುದು, ಗದ್ದೆಯಿಂದ ಗದ್ದೆಗೆ ಸರದಿಯ ಮೇಲೆ ನೀರು ಹಾಯಿಸುವುದು, ಕೊರತೆಯ ವರ್ಷ ಯಾರಿಗೆಷ್ಟು ಎಂಬುದನ್ನು ನಡೆಸುವುದು ಅವನ ಕೆಲಸ. ಕೋಲಾರದ ಸೀಮೆಯಲ್ಲಿ ಬಹುಮಟ್ಟಿಗೆ ದಲಿತ ಕುಲದವನು. ತಮಿಳುನಾಡಿನ ನೀರ್‌ಕಟ್ಟಿಯೂ ಅಂಥವನೇ. ತನ್ನದೆಂದು ದೊಡ್ಡ ಗದ್ದೆಯಿಲ್ಲದವನಾದ್ದರಿಂದ ಹಂಚಿಕೆಯಲ್ಲಿ ಪಕ್ಷಪಾತ ಮಾಡನೆಂದು ಹಳೆಯ ವ್ಯವಸ್ಥೆಯನ್ನು ಹೊಗಳುವವರು ವಿವರಿಸುತ್ತಾರೆ. ಗದ್ದೆಯಿಲ್ಲದಿರುವುದನ್ನು ಅರ್ಹತೆಯೆಂದು ಎಣಿಸಿದ ಈ ವಿವರಣೆಯನ್ನು ಗದ್ದೆಯಿದ್ದವರಷ್ಟೇ ಕೊಡಬಲ್ಲರು. ಎಲ್ಲರ ಹೊಲಕ್ಕೂ ನೀರು ಬಿಡುವವನು ಊರ ಬಾವಿಯಿಂದ ನೀರು ಸೇದುವಂತಿರಲಿಲ್ಲ ಎಂಬುದನ್ನು ಅದೇ ಪುಟದಲ್ಲಿ ಬರೆಯಬೇಕು.

ಹತ್ತೊಂಬತ್ತನೆಯ ಶತಮಾನದ ಇತಿಹಾಸವನ್ನು ಬೇಗ ದಾಟುತ್ತೇನೆ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಬರೆದ ವರದಿಯಂತೆ ಸಂಸ್ಥಾನದ ಶೇಕಡ 60ರಷ್ಟು ಪ್ರದೇಶ ಕೆರೆಗಳ ಸರಣಿಗೆ ಒಳಪಟ್ಟಿತ್ತು; ಹೊಸ ಕೆರೆಗೆ ಎಡೆ ಹುಡುಕುವುದೇ ದುಸ್ತರವೆಂದು ಅವನು ಬೆರಗಾದ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ತಾಯಿ. ಸರಣಿಯಲ್ಲಿ ಒಂದು ಕೆರೆ ಕೆಟ್ಟರೆ ಕೆಳಗಿನವೆಲ್ಲ ಕೆಡುತ್ತವೆ. ಮೇಲಿನದು ಒಡೆದರೆ ಕೆಳಗಿನವು ಸಾಲಾಗಿ ಒಡೆಯುತ್ತವೆ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದಂತೆ, ಗೊತ್ತುಮಾಡಿದ ನದಿಗಳ ಪಾತ್ರಗಳಲ್ಲಿ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕೆಲಸವನ್ನು ಕಟ್ಟಕೂಡದಾಯಿತು. ಎರಡು ರಾಜ್ಯಗಳ ಗಡಿಯ ದೋಷ! 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ಮೈಸೂರಿನಲ್ಲಿ ಒಂದು ರೆಗ್ಯುಲೇಷನ್ ಬಂದಿತು. ರೈತರಿಂದ ಕೆಲಸ ಮಾಡಿಸುವ ಅಧಿಕಾರ ಅದರಲ್ಲಿ ಇತ್ತೇ ಹೊರತು ರೈತರಿಗೆ ಅಧಿಕಾರ ಹೆಚ್ಚಾಗಿ ಬರಲಿಲ್ಲ.

ನಿಜವಾದ ತಿರುವು ಸ್ವಾತಂತ್ರ್ಯದ ಮೇಲೆ ಆಯಿತು. ಇನಾಮುಗಳು ರದ್ದಾದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಪಟೇಲ ಶಾನುಭೋಗರೊಡನೆ ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯದ ಚಾಕರಿಯೂ ಕೊನೆಗೊಂಡಿತು. ಚಾಕರಿಯ ಭೂಮಿಯನ್ನು ಅವರಿಗೇ ಮರುಮಂಜೂರು ಮಾಡುವ ಏರ್ಪಾಡಾಯಿತು. ಇದು ಆಗಲೇಬೇಕಾಗಿದ್ದ ಕೆಲಸ. ಹುಟ್ಟಿನಿಂದ ಬಂದ ದುಡಿಮೆಯಿಂದ ಮನುಷ್ಯನನ್ನು ಬಿಡಿಸುವ ಕಾಯಿದೆಯನ್ನು, ಕೆರೆ ಹಾಳಾಗುತ್ತದೆಂಬ ನೆವದಿಂದ ಯಾರೂ ದೂರಬಾರದು. ದೂರಬೇಕಾದುದು ಬೇರೆಯದನ್ನು. ಚಾಕರಿ ಹೋಯಿತು, ಅದಕ್ಕೆ ಕಟ್ಟಿದ್ದ ಭೂಮಿ ಹೋಯಿತು. ತೂಬಿನ ಕೆಲಸ ಮಾತ್ರ ಹಾಗೆಯೇ ಉಳಿಯಿತು. ಆ ಕೆಲಸಕ್ಕೆ ಸಂಬಳ ಕೊಟ್ಟು ಗೌರವದಿಂದ ಒಬ್ಬರನ್ನು ನೇಮಿಸಬೇಕೆಂಬ ಯೋಚನೆ ಸರ್ಕಾರಕ್ಕೂ ಬರಲಿಲ್ಲ, ನೀರು ಉಣ್ಣುವ ರೈತರಿಗೂ ಬರಲಿಲ್ಲ. 1965ರ ನೀರಾವರಿ ಕಾಯಿದೆ ಅಧಿಕಾರವನ್ನೆಲ್ಲ ಇಲಾಖೆಗೆ ತಂದಿತು. ಮುಂದೆ ಕೆರೆಗಳನ್ನೇ ಅಳತೆಯಿಂದ ಪಾಲು ಮಾಡಿದರು: ಅಚ್ಚುಕಟ್ಟು 40 ಹೆಕ್ಟೇರಿಗೆ ಮೇಲ್ಪಟ್ಟರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಾದರೆ ಜಿಲ್ಲಾ ಪಂಚಾಯಿತಿ. ಮೀನಿನ ಹರಾಜು ಬೇರೆಯವರದು. ಅಂಗಳದ ಜಾಲಿಮರ ಬೇರೆಯವರದು. ಒತ್ತುವರಿಯ ಮೊಕದ್ದಮೆ ರೆವೆನ್ಯೂ ಇಲಾಖೆಯದು. ಒಂದೇ ಸರಣಿಯಲ್ಲಿ ಮೇಲಿನ ಕೆರೆ ಒಬ್ಬರಿಗೆ, ಕೆಳಗಿನದು ಇನ್ನೊಬ್ಬರಿಗೆ ಸೇರಿರುವುದುಂಟು. ಪೋರುಮಾಮಿಳ್ಳದ ಪಂಡಿತ ಎರಡು ರಾಜ್ಯಗಳಿಗೇ ಹೆದರಿದ್ದ. ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯ ಮೂರನೆಯ ಬಾಬಿನಲ್ಲಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ, ಜಲಾನಯನ ಅಭಿವೃದ್ಧಿಗಳು ಪಂಚಾಯಿತಿಗೆ ಸಲ್ಲಬಹುದಾದ ವಿಷಯಗಳೆಂದು ಬರೆಯಲಾಯಿತು. ವಿಷಯ ಸಂದಿತು, ಹಣ ಸಲ್ಲುವುದಕ್ಕೆ ಇನ್ನೂ ಮುಹೂರ್ತ ನೋಡುತ್ತಿದ್ದಾರೆ.

ಇಷ್ಟು ಹೊತ್ತು ಪರರನ್ನು ವಿಮರ್ಶಿಸಿದೆ. ಈಗ ನನ್ನ ಕಸುಬಿನ ಸರದಿ. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಒಂದು ಗ್ರಾಮೀಣ ಶಾಖೆಯಲ್ಲಿ ನಾನಿದ್ದೆ. ಕೊಳವೆಬಾವಿಗೂ ಪಂಪುಸೆಟ್ಟಿಗೂ ಸಾಲ ಮಂಜೂರು ಮಾಡುವುದು ದಿನದ ಕೆಲಸ. 1963ರಲ್ಲಿ ಕೃಷಿ ಮರುಹಣಕಾಸು ನಿಗಮ ಸ್ಥಾಪನೆಯಾದಂದಿನಿಂದ, 1982ರಲ್ಲಿ ನಬಾರ್ಡ್ ಬಂದ ಮೇಲೆಯೂ, ಬಾವಿಯ ಸಾಲ ದೇಶದ ಕೃಷಿಸಾಲಗಳಲ್ಲಿ ಒಂದು ಮುಖ್ಯ ಬಾಬು. ಕಾರಣ ಸ್ಪಷ್ಟ. ಬಾವಿಗೆ ಒಡೆಯನಿದ್ದಾನೆ; ಒಡೆಯನಿಗೆ ಪಹಣಿಯಿದೆ; ಪಹಣಿಯ ಮೇಲೆ ಅಡಮಾನ ಬರೆಸಿಕೊಳ್ಳಬಹುದು. ಅಡಿಯಲ್ಲಿರುವ ನೀರು ಮೇಲಿನ ನೆಲದವನದೆಂದು 1882ರ ಈಸ್‌ಮೆಂಟ್ ಕಾಯಿದೆಯ ಕಾಲದಿಂದ ನಾವು ನಂಬಿಕೊಂಡು ಬಂದಿದ್ದೇವೆ. ಕೆರೆಗೆ ಒಡೆಯನಿಲ್ಲ. ಅದನ್ನು ಅಡವಿಡುವವರಿಲ್ಲ, ಜಪ್ತಿ ಮಾಡುವವರಿಲ್ಲ, ಆದ್ದರಿಂದ ಸಾಲವಿಲ್ಲ. ಒಂದು ದಿನ ಮಗನ ಕೊಳವೆಬಾವಿಯ ಅರ್ಜಿಗೆ ಜಾಮೀನು ನಿಲ್ಲಲು ಬಂದಿದ್ದ ವೃದ್ಧರೊಬ್ಬರು ಸಹಿ ಹಾಕಿ ಲೇಖನಿಯನ್ನು ಹಿಂದಿರುಗಿಸುತ್ತ, "ಬಾವಿಗೆ ಕೊಡ್ತೀರ ಸ್ವಾಮಿ, ಬಾವಿಗೆ ನೀರು ಕೊಡೋ ಕೆರೆಗೆ ಕೊಡಲ್ವಾ?" ಎಂದರು. ವಿನೋದಕ್ಕೆ ಹೇಳಿದರೋ, ನಿಜವಾಗಿ ಕೇಳಿದರೋ ತಿಳಿಯದು. ನಿಯಮದ ಪುಸ್ತಕದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ನಾನು ಹೇಳಿದೆ. ಅದು ಸತ್ಯ.

ಬಾವಿಗೂ ಬಾವಿಗೂ ಇಂತಿಷ್ಟು ಅಂತರವಿರಬೇಕೆಂಬ ನಿಯಮ ನಮ್ಮಲ್ಲಿತ್ತು. ಅಂತರ್ಜಲ ಅತಿಯಾಗಿ ಬಳಕೆಯಾದ ಕಡೆ ಸಾಲ ಕೊಡಬಾರದೆಂಬ ನಿರ್ಬಂಧವೂ ಇತ್ತು. ಫಲವೇನೆಂದರೆ, ಬ್ಯಾಂಕು ಬೇಡವೆಂದ ಕಡೆ ಬಡ್ಡಿಸಾಹುಕಾರ ಕೊಟ್ಟ. ಬಾವಿ ಕೊರೆಯುವುದು ನಿಲ್ಲಲಿಲ್ಲ, ಬಡ್ಡಿ ಏರಿತು. ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿತು. ಬಾವಿಯಿದ್ದ ರೈತನಿಗೆ ತೂಬಿನ ನೀರಿನ ಸರದಿ ಬೇಡವಾಯಿತು. ಸರದಿ ಬೇಡವಾದವನು ಕಾಲುವೆ ತೆಗೆಯಲು ಏಕೆ ಬಂದಾನು? ಉಳ್ಳವರು ಹಾಗೆ ಒಬ್ಬೊಬ್ಬರಾಗಿ ಕೆರೆಯಿಂದ ಕಳಚಿಕೊಂಡ ಮೇಲೆ ಅದರ ಕೆಳಗೆ ಉಳಿದವರು ಬಾವಿ ತೋಡಿಸಲಾರದವರು ಮಾತ್ರ. ಕೆರೆಗಳು ಇಲಾಖೆಯ ಉದಾಸೀನದಿಂದ ಕೆಟ್ಟುವೆಂದು ನಾವೆಲ್ಲ ಬರೆಯುತ್ತೇವೆ. ಆ ಉದಾಸೀನಕ್ಕೆ ನಮ್ಮ ಸಾಲದ ಖಾತೆಗಳೂ ಸಾಕಷ್ಟು ನೆರವಾದವು ಎಂಬುದನ್ನು ಯಾವ ಗ್ರಂಥದಲ್ಲಿಯೂ ಒತ್ತಿ ಹೇಳಿದುದನ್ನು ಕಾಣಲಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಈ ಶತಮಾನದಲ್ಲಿ ಕೆರೆಯ ಕಡೆಗೆ ಸರ್ಕಾರಗಳ ದೃಷ್ಟಿ ಮರಳಿದೆ. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣೆಯ ಯೋಜನೆ ಆರಂಭವಾಯಿತು. ಬಳಕೆದಾರರ ಸಂಘಗಳು ರಚಿತವಾದವು. ನಾವಿರುವ ತೆಲಂಗಾಣದಲ್ಲಿ 2015ರಿಂದ ಮಿಷನ್ ಕಾಕತೀಯ ನಡೆಯಿತು; ಸುಮಾರು 46 ಸಾವಿರ ಕೆರೆಗಳನ್ನು ಸರಿಪಡಿಸುವ ಗುರಿ. ಈ ಎರಡನೆಯದರಲ್ಲಿ ನನಗೆ ಮೆಚ್ಚಿಕೆಯಾದುದು ಒಂದು ಸಣ್ಣ ಏರ್ಪಾಡು: ಹೂಳನ್ನು ಅಗೆಯುವುದು ಸರ್ಕಾರದ ಖರ್ಚು, ಸಾಗಿಸಿ ಹೊಲಕ್ಕೆ ಹಾಕಿಕೊಳ್ಳುವುದು ರೈತನ ಖರ್ಚು. ಹೂಳು ಗೊಬ್ಬರವಾಗಿ ಬೆಲೆ ಪಡೆಯಿತು. ಬೆಲೆಯಿದ್ದಲ್ಲಿ ಒಯ್ಯುವವರು ಬಂದರು. ಕಟ್ಟುಕೊಡಗೆಯ ಜಾಣ್ಮೆಯ ಒಂದು ಎಳೆ ಇದರಲ್ಲಿದೆ. ಆದರೆ ಅಗೆತವೇ ಉದ್ಧಾರವೆಂಬ ಭ್ರಮೆಯೂ ಇದರ ಜೊತೆಗೆ ಹರಡಿದೆ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯಲ್ಲಿ ನಿಂತ ನೀರು ತೂಬಿನಿಂದ ಹೊರಗೆ ಹರಿಯಲಾರದು. ದನಕರುಗಳಿಗೆ, ಮೀನಿಗೆ, ಸುತ್ತಣ ಬಾವಿಗಳಿಗೆ ಆದೀತು. ಹಾಗೆ ಆಗಲೆಂದು ಯೋಚಿಸಿ ಅಗೆದರೆ ಸರಿ. ಅಚ್ಚುಕಟ್ಟಿನ ಎಕರೆಗಳನ್ನು ಹೆಚ್ಚಿಸಿ ವರದಿ ಬರೆದರೆ ಅದು ಮಲ್ಲನಗೌಡನ ಲೆಕ್ಕ. ನೀರು ಬರುವ ಕಾಲುವೆಯನ್ನು ಬಿಡಿಸುವುದು ಅಗೆತಕ್ಕಿಂತ ಮುಖ್ಯ. ಅದು ಒತ್ತುವರಿದಾರನ ಹೊಲದ ಮೇಲೆ ಹಾದುಹೋಗುವುದರಿಂದ ಯಂತ್ರಗಳು ಅತ್ತ ಸುಳಿಯುವುದು ಅಪರೂಪ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮೊದಲ ಜಲಕಾಯಗಳ ಗಣತಿಯಲ್ಲಿ ದೇಶದಲ್ಲಿ 24,24,540 ಜಲಕಾಯಗಳು ಎಣಿಕೆಯಾದವು; ಶೇಕಡ 97ಕ್ಕೂ ಹೆಚ್ಚು ಗ್ರಾಮಾಂತರದವು. ಒತ್ತುವರಿಯಾದವು ಶೇಕಡ 2ಕ್ಕೂ ಕಡಿಮೆಯೆಂದು ಅದೇ ಗಣತಿ ಹೇಳುತ್ತದೆ. ಹುಸೇನ್ ಸಾಗರದ ನಗರದಲ್ಲಿ ಕುಳಿತು ಓದುವವರಿಗೆ ಈ ಅಂಕಿಯನ್ನು ನುಂಗುವುದು ಸುಲಭವಲ್ಲ.

ಕೋಲಾರಕ್ಕೆ ಕೊನೆಗೂ ನೀರು ಬಂದಿತು. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಚರಂಡಿನೀರನ್ನು ಎರಡನೆಯ ಹಂತದವರೆಗೆ ಶುದ್ಧಗೊಳಿಸಿ 2018ರಿಂದ ಅಲ್ಲಿಯ ಕೆರೆಗಳಿಗೆ ಹಾಯಿಸುತ್ತ ಬಂದಿದ್ದಾರೆ. ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿತೆಂದು ಸಂತೋಷಪಟ್ಟವರಿದ್ದಾರೆ. ಮೂರನೆಯ ಹಂತದ ಶುದ್ಧಿಯಿಲ್ಲದೆ ಅಂತರ್ಜಲಕ್ಕೆ ಇಳಿಸುವುದು ಅಪಾಯವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ. ನೀರಿಲ್ಲದ ಊರಿನವರ ಮುಂದೆ ನಿಂತು ಈ ನೀರು ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ನಗರ ತಾನು ಬಳಸಿ ಬಿಟ್ಟುದನ್ನು ಕೊಡುವಾಗ ಇನ್ನೊಂದು ಹಂತದ ವೆಚ್ಚವನ್ನು ಉಳಿಸಿಕೊಂಡಿತು ಎಂಬುದು ಲೆಕ್ಕದಲ್ಲಿ ಕಾಣುತ್ತದೆ. ಆ ಉಳಿತಾಯದಿಂದ ಮುಂದೆ ಏನಾದರೂ ಕೇಡಾದರೆ ಅದನ್ನು ಯಾರ ಹೆಸರಿಗೆ ಬರೆಯುತ್ತಾರೆಂಬುದನ್ನು, ಹಾಡನ್ನು ಬಲ್ಲವರು ಊಹಿಸಬಲ್ಲರು.

ಹೋದ ವರ್ಷ ಒಂದು ಮದುವೆಗೆಂದು ಹೋದವನು ಆ ಹಳೆಯ ಶಾಖೆಯ ಊರಿಗೂ ಹೋಗಿದ್ದೆ. ತೂಬನ್ನು ಗಾರೆ ಹಾಕಿ ಮುಚ್ಚಿದ್ದರು. ನೀರು ಇಂಗಿ ಬಾವಿಗೆ ಬರಲೆಂದು ರೈತರೇ ಸೇರಿ ಹಾಗೆ ಮಾಡಿಕೊಂಡರಂತೆ. ಊರಿನಲ್ಲಿ ನೀರಗಂಟಿಯಿದ್ದಾನೆಯೇ ಎಂದು ಕೇಳಿದೆ. ಇದ್ದಾನೆಂದರು. ಈಗ ನೀರಗಂಟಿಯೆಂದರೆ ಪಂಚಾಯಿತಿಯ ಕೊಳವೆಬಾವಿಯ ಮೋಟಾರು ಹಾಕಿ, ಬೀದಿಬೀದಿಗೆ ವಾಲ್ವು ತಿರುಗಿಸುವವನು. ಹೆಸರು ಮಾತ್ರ ಕೆರೆಯಿಂದ ನಲ್ಲಿಗೆ ಬಂದಿದೆ. ನಡುವಯಸ್ಸಿನ ಆ ಮನುಷ್ಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡೇ ಮಾತನಾಡಿದ. ಅವನ ತಾತ ಕೆರೆಯ ನೀರಗಂಟಿಯಾಗಿದ್ದನಂತೆ. ಮರುಮಂಜೂರಾದ ಭೂಮಿಯನ್ನು ತಂದೆಯ ಕಾಲದಲ್ಲಿಯೇ ಮಾರಿದರಂತೆ. ಸಂಬಳ ನಾಲ್ಕು ತಿಂಗಳಿನದು ಬರಬೇಕಾಗಿತ್ತು. ಜೋರಾಗಿ ಮಳೆ ಬಂದ ರಾತ್ರಿ ಕೋಡಿಯನ್ನು ಯಾರು ನೋಡುತ್ತಾರೆಂದು ಕೇಳಿದಾಗ, ತಾನೇ ಹೋಗುತ್ತೇನೆಂದ. ಪಂಚಾಯಿತಿ ಹೇಳಿದೆಯೇ ಎಂದೆ. ಇಲ್ಲ, ತನ್ನ ಮನೆ ಏರಿಯ ಕೆಳಗಿದೆ ಎಂದ.